ಓಝು ಚಿತ್ರಗಳು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮೂರಿನ ಚಿತ್ರಸಮಾಜದಲ್ಲಿ ಜಪಾನಿನ ನಿರ್ದೇಶಕ ಯಸುಜಿರೊ ಓಝು ಅವರ ‘ಟೋಕಿಯೊ ಸ್ಟೋರಿ’ ಹಾಕಿದ್ದೆವು. ಅರ್ಧಕ್ಕೇ ಮುಕ್ಕಾಲು ಜನ ಎದ್ದುಹೋದರು. ಇನ್ನು ನಾಲ್ಕು ವಾರ ಅವರದೇ ಚಿತ್ರ ತೋರಿಸುವ ಯೋಚನೆಯಿದೆ. ಯಾವ ಕ್ರಮದಲ್ಲಿ ತೋರಿಸಬೇಕು? ನೋಡುವವರಿಗೆ ಮೊದಲೇ ಏನು ಹೇಳಬೇಕು?

ಉತ್ತರ 1: ಶುರುವಿಗೇ ಅದನ್ನು ಹಾಕಿದ್ದು ತಪ್ಪಾಯ್ತು. 136 ನಿಮಿಷದ ಚಿತ್ರ, ಮೊದಲ ಅರ್ಧದಲ್ಲಿ ಕಣ್ಣಿಗೆ ಕಾಣುವ ಘಟನೆಯೇ ಕಡಿಮೆ. ಮೊದಲ ವಾರ ‘ಗುಡ್ ಮಾರ್ನಿಂಗ್’ (1959) ಹಾಕಿ. 94 ನಿಮಿಷ, ಬಣ್ಣದ್ದು. ಟಿವಿ ಕೊಡಿಸಲಿಲ್ಲ ಅಂತ ಇಬ್ಬರು ಹುಡುಗರು ಮೌನ ಮುಷ್ಕರ ಹೂಡುತ್ತಾರೆ, ಜೊತೆಗೆ ಹೂಸಿನ ತಮಾಷೆ ಬೇರೆ. ಮಕ್ಕಳೂ ಕೂತು ನೋಡುತ್ತಾರೆ. ಎರಡನೇ ವಾರ ‘ಲೇಟ್ ಸ್ಪ್ರಿಂಗ್’ (1949), ಮೂರನೇ ವಾರ ‘ಅರ್ಲಿ ಸಮ್ಮರ್’ (1951). ‘ಟೋಕಿಯೊ ಸ್ಟೋರಿ’ (1953) ಕೊನೆಗಿರಲಿ.

ಒಂದು ಗೊಂದಲವನ್ನು ಮೊದಲೇ ಬಿಡಿಸಿ. ‘ಗುಡ್ ಮಾರ್ನಿಂಗ್’ ಬಿಟ್ಟು ಉಳಿದ ಮೂರರಲ್ಲೂ ನಟಿ ಸೆಟ್ಸುಕೊ ಹಾರಾ ಅವರ ಪಾತ್ರದ ಹೆಸರು ನೊರಿಕೊ. ಆದರೆ ಒಬ್ಬಳೇ ನೊರಿಕೊ ಅಲ್ಲ, ಕಥೆಗಳೂ ಒಂದರ ಮುಂದುವರಿಕೆ ಇನ್ನೊಂದಲ್ಲ. ನಟ ಚಿಶು ರ್ಯೂ ಮೊದಲನೆಯದರಲ್ಲಿ ಅವಳ ಅಪ್ಪ, ಎರಡನೆಯದರಲ್ಲಿ ಅಣ್ಣ, ಮೂರನೆಯದರಲ್ಲಿ ಮಾವ (ಗಂಡನ ಅಪ್ಪ). 1904ರಲ್ಲಿ ಹುಟ್ಟಿದ ಅವರು ಐವತ್ತರೊಳಗೇ ಆ ಮುದುಕನ ಪಾತ್ರ ಮಾಡಿದ್ದು.

ಉತ್ತರ 2: ‘ಗುಡ್ ಮಾರ್ನಿಂಗ್’ ಒಳ್ಳೆಯದೇ, ಆದರೆ ಅದಕ್ಕೂ ಮೊದಲು 1932ರ ಮೂಕಿಚಿತ್ರ ‘ಐ ವಾಸ್ ಬಾರ್ನ್, ಬಟ್...’ ಇರಬೇಕು. ಅಪ್ಪ ಸಾಹೇಬರ ಮುಂದೆ ಕೋಡಂಗಿಯಾಗುವುದನ್ನು ನೋಡಿದ ಮಕ್ಕಳು ಊಟ ಬಿಡುತ್ತಾರೆ. ಅದೇ ಎಳೆಯನ್ನು ‘ಗುಡ್ ಮಾರ್ನಿಂಗ್’ ಹಗುರ ಮಾಡಿದೆ, ಹಾಗಾಗಿ ಹರಿತ ಇರುವುದು ಹಳೆಯದರಲ್ಲೇ. ಮೂಕಿಗೆ ಜನ ಬೇಸರಪಡುತ್ತಾರೆ ಅನ್ನೋದು ಸಂಘಟಕರ ಭಯ ಅಷ್ಟೇ.

ಉತ್ತರ 3: ‘ನಿಧಾನ’ ಅನ್ನುವವರಿಗೆ ಒಂದು ಮಾತು. ಓಝು ಶಾಟ್‌ಗಳು ಉದ್ದವೇನಲ್ಲ. ಇಬ್ಬರು ಮಾತಾಡುವಾಗ ಹೆಚ್ಚು ಕಡಿಮೆ ಪ್ರತಿ ಮಾತಿಗೂ ಕಟ್ ಇದೆ. ನಿಧಾನ ಅನ್ನಿಸೋದು ಕ್ಯಾಮೆರಾ ಬಹುಪಾಲು ಅಲುಗಾಡದ್ದರಿಂದ, ಮತ್ತು ದೊಡ್ಡ ಘಟನೆಗಳನ್ನೇ ಬಿಟ್ಟುಬಿಡುವುದರಿಂದ. ‘ಲೇಟ್ ಸ್ಪ್ರಿಂಗ್’ ಪೂರ್ತಿ ಮಗಳ ಮದುವೆಯ ಕಥೆ, ಆದರೆ ಮದುವೆ ತೋರಿಸಿಲ್ಲ, ವರನ ಮುಖವೂ ಕಾಣಿಸಲ್ಲ. ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ರೀಲು ಕತ್ತರಿಸಿದ್ದಾರೆ ಅಂದುಕೊಳ್ಳುತ್ತಾರೆ.

ಗಮನಿಸಬೇಕಾದ್ದು: ಕ್ಯಾಮೆರಾ ನೆಲಕ್ಕೆ ಹತ್ತಿರ, ಬಹುಪಾಲು 50 ಎಂಎಂ ಲೆನ್ಸ್ (ಬರಿಗಣ್ಣಿನ ನೋಟಕ್ಕೆ ಹತ್ತಿರದ್ದು). ಚಾಪೆಯ ಮೇಲೆ ಕೂತವರ ನೋಟ ಅನ್ನುವ ವಿವರಣೆ ಪೂರ್ತಿ ಸರಿಯಲ್ಲ, ಯಾಕೆಂದರೆ ಕಚೇರಿ, ಓಣಿಗಳಲ್ಲೂ ಕ್ಯಾಮೆರಾ ತಗ್ಗಿನಲ್ಲೇ ಇರುತ್ತದೆ. ಮಾತಾಡುವ ಇಬ್ಬರ ದೃಷ್ಟಿಗಳು ಎಷ್ಟೋ ಸಲ ಕೂಡುವುದೇ ಇಲ್ಲ, ಇಬ್ಬರೂ ಒಂದೇ ಕಡೆ ನೋಡಿದ ಹಾಗಿರುತ್ತದೆ. ಮಾತಾಡುವ ಇಬ್ಬರ ನಡುವೆ ಇದೆ ಅಂದುಕೊಂಡು, ಕ್ಯಾಮೆರಾ ದಾಟಬಾರದು ಅಂತ ಸಿನಿಮಾ ಶಾಲೆಗಳಲ್ಲಿ ಕಲಿಸುವ ಗೆರೆಯನ್ನು ಓಝು ಬೇಕೆಂದೇ ದಾಟಿದ್ದು. ಮೇಜಿನ ಮೇಲಿನ ಲೋಟ ಒಂದು ಶಾಟಿನಿಂದ ಇನ್ನೊಂದಕ್ಕೆ ಜರುಗಿದ್ದರೆ ಅದೂ ಕಂಟಿನ್ಯುಟಿ (ಶಾಟಿನಿಂದ ಶಾಟಿಗೆ ಹೊಂದಿಕೆ) ತಪ್ಪಲ್ಲ, ಚೌಕಟ್ಟಿನ ತೂಕಕ್ಕೆ ಅವರೇ ಸರಿಸಿದ್ದು. ‘ಟೋಕಿಯೊ ಸ್ಟೋರಿ’ಯಲ್ಲಿ, ಟೋಕಿಯೊದ ಉಯೆನೊದಲ್ಲಿ ಮುದಿ ದಂಪತಿ ಕೂತಿರುವಲ್ಲಿ, ಕ್ಯಾಮೆರಾ ಮೆಲ್ಲಗೆ ಚಲಿಸುತ್ತದೆ. ಅದನ್ನು ಹಿಡಿಯಿರಿ ಅಂತ ಪ್ರೇಕ್ಷಕರಿಗೆ ಹೇಳಿ, ಕಣ್ಣು ತಾನಾಗಿ ಚುರುಕಾಗುತ್ತದೆ. ಬಣ್ಣಕ್ಕೆ ಬಂದ ಮೇಲೆ (1958ರಿಂದ, ಆರು ಚಿತ್ರ) ಕ್ಯಾಮೆರಾ ಅಲುಗಾಡುವುದೇ ಇಲ್ಲ.

ಉತ್ತರ 4: ತೋರಿಸುವವರ ಕೆಲಸ. ಓಝು ವೈಡ್‌ಸ್ಕ್ರೀನ್ ಮುಟ್ಟಿದವರಲ್ಲ. ಚೌಕಟ್ಟಿನ ಅಗಲ ಎತ್ತರದ ಸುಮಾರು 1.37 ಪಟ್ಟು, ಅಂದರೆ ಈಗಿನ ಪರದೆಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರಲೇಬೇಕು. ‘ಪರದೆ ತುಂಬ್ಲಿ’ ಅಂತ ಯಾರಾದರೂ ಜೂಮ್ ಒತ್ತಿದರೆ ಮೇಲೆ ಲಾಂದ್ರ, ಕೆಳಗೆ ಚಾಪೆ ಎರಡೂ ಹೋಗುತ್ತವೆ. ಎಳೆದರೆ ಮುಖಗಳು ಊದಿಕೊಳ್ಳುತ್ತವೆ. ಟಿವಿಯಾದರೆ ಮೋಷನ್ ಸ್ಮೂದಿಂಗ್ (ಚಲನೆಯನ್ನು ಟಿವಿಯೇ ನುಣುಪು ಮಾಡುವ ಸೆಟ್ಟಿಂಗ್) ಆಫ್ ಮಾಡಿ. ಸಬ್‌ಟೈಟಲ್ ಹಿಂದಿನ ಸಾಲಿಗೂ ಕಾಣಬೇಕು, ಇವರ ಚಿತ್ರದಲ್ಲಿ ಮಾತು ಜಾಸ್ತಿ. ಮಧ್ಯಂತರ ಬೇಡ.

ಉತ್ತರ 5: ಪರಿಚಯದ ಮಾತು ಐದು ನಿಮಿಷಕ್ಕೆ ಮುಗಿಯಲಿ. ಓಝು ಹುಟ್ಟಿದ್ದು 1903ರ ಡಿಸೆಂಬರ್ 12, ಟೋಕಿಯೊದ ಫುಕಾಗಾವಾದಲ್ಲಿ. 1923ರಲ್ಲಿ ಶೋಚಿಕು ಸ್ಟುಡಿಯೊಗೆ ಕ್ಯಾಮೆರಾ ಸಹಾಯಕರಾಗಿ ಸೇರಿದರು. ಯುದ್ಧದಲ್ಲಿ ಚೀನಾದಲ್ಲಿ ಸೈನಿಕ, ಆಮೇಲೆ ಸಿಂಗಪುರ. 1949ರಿಂದಾಚೆ ಪ್ರತಿ ಚಿತ್ರಕ್ಕೂ ಚಿತ್ರಕಥೆಗಾರ ಕೊಗೊ ನೊಡಾ ಜೊತೆ ಕೂತು ಚಿತ್ರಕಥೆ ಬರೆದರು. ಹೆಣ್ಣುಮಕ್ಕಳ ಮದುವೆಯ ಬಗ್ಗೆ ಅಷ್ಟು ಚಿತ್ರ ಮಾಡಿದ ಮನುಷ್ಯ ತಾವು ಮದುವೆಯಾಗದೆ ತಾಯಿಯ ಜೊತೆಗಿದ್ದರು. ತೀರಿಕೊಂಡದ್ದು 1963ರಲ್ಲಿ, ಸರಿಯಾಗಿ ಅರವತ್ತನೇ ಹುಟ್ಟುಹಬ್ಬದ ದಿನ.

ಆದರೆ ಈ ಬದುಕನ್ನೇ ಚಿತ್ರದ ಬೀಗದಕೈ ಮಾಡಬೇಡಿ. ಒಂಟಿ ಮನುಷ್ಯ, ಅದಕ್ಕೇ ಒಂಟಿತನದ ಚಿತ್ರ ಅಂತ ಯಾರೋ ಹೇಳಿ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ‘ಲೇಟ್ ಸ್ಪ್ರಿಂಗ್’ನಲ್ಲಿ ಕ್ಯೋಟೊ ವಸತಿಗೃಹದ ಹೂದಾನಿಯ ಶಾಟ್ ಯಾಕೆ ಎರಡು ಸಲ ಬರುತ್ತದೆ ಅಂತ ಕೇಳಿ. ವಿಮರ್ಶಕರೇ ಅದರ ಬಗ್ಗೆ ಇನ್ನೂ ಜಗಳವಾಡುತ್ತಿದ್ದಾರೆ. ನಿಮ್ಮ ಗುಂಪಿಗೆ ಒಂದು ಸಂಜೆಗಾಗುವಷ್ಟು ಮಾತು ಸಿಗುತ್ತದೆ.