ಮೊಬೈಲಿನಲ್ಲಿ ಜಾಹೀರಾತು ಜನರ ಗಮನವನ್ನು ಏಕೆ ಹಿಡಿದಿಡಲಾರದು?

ಪ್ರಶ್ನೆ:
ಜನರು ಹೆಚ್ಚು ಹೊತ್ತು ನೋಡುವ ಪರದೆ ಇಂದು ಮೊಬೈಲಿನದೇ. ಹೀಗಿದ್ದೂ ಅದರಲ್ಲಿ ಬರುವ ಜಾಹೀರಾತುಗಳು ಅವರ ಮನಸ್ಸನ್ನು ತಟ್ಟುವುದು ಅಪರೂಪ. ಪತ್ರಿಕೆಯ ಜಾಹೀರಾತನ್ನು ಕೆಲವೊಮ್ಮೆ ಆಸಕ್ತಿಯಿಂದಲೇ ಓದುವವರು ಕೂಡ ಮೊಬೈಲಿನಲ್ಲಿ ಮೊದಲು ಹುಡುಕುವುದು ಅದನ್ನು ಮುಚ್ಚುವ ಗುರುತನ್ನು. ಇದು ಜಾಹೀರಾತು ರೂಪಿಸುವವರ ಕೊರತೆಯೋ, ಸಾಧನದ ಸ್ವಭಾವವೇ ಹಾಗೋ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಎರಡೂ ಹೌದು, ಆದರೆ ಮೂಲ ಕಾರಣ ಸ್ಥಳದ್ದು ಎಂದು ನನಗನ್ನಿಸುತ್ತದೆ. 1994ರಲ್ಲಿ ಹಾಟ್‌ವೈರ್ಡ್ ಜಾಲತಾಣದಲ್ಲಿ ಕಾಣಿಸಿಕೊಂಡ ಮೊದಲ ಬ್ಯಾನರುಗಳು, ಅಂದರೆ ಪುಟದಲ್ಲಿ ಪಟ್ಟಿಯಂತೆ ಕಾಣುವ ಜಾಹೀರಾತುಗಳು, ಕಂಪ್ಯೂಟರಿನ ಅಗಲವಾದ ಪರದೆಗಾಗಿ ಹುಟ್ಟಿದವು. ಅಲ್ಲಿ ಲೇಖನವೂ ಜಾಹೀರಾತೂ ಒಂದಕ್ಕೊಂದು ಅಡ್ಡಿಯಾಗದೆ ಇರಬಹುದಿತ್ತು. ಅದೇ ಕಲ್ಪನೆಯನ್ನು ಕುಗ್ಗಿಸಿ ಮೊಬೈಲಿಗೆ ತಂದಾಗ, 320 ಪಿಕ್ಸೆಲ್ ಅಗಲ, 50 ಪಿಕ್ಸೆಲ್ ಎತ್ತರದ ಪಟ್ಟಿಯೊಂದು ಉಳಿಯಿತು. ಅಷ್ಟರಲ್ಲಿ ಒಂದು ಹೆಸರನ್ನು ತೋರಿಸಬಹುದೇ ಹೊರತು ಏನನ್ನೂ ಮನವರಿಕೆ ಮಾಡಿಕೊಡಲಾಗದು. ದೊಡ್ಡದಾಗಿಸಿದರೆ ಅದು ಓದುತ್ತಿದ್ದುದನ್ನೇ ಮರೆಮಾಡುತ್ತದೆ. ಜೊತೆಗೆ, ಮೊಬೈಲನ್ನು ಕೈಗೆತ್ತಿಕೊಳ್ಳುವವರು ಬಹುಮಟ್ಟಿಗೆ ಒಂದು ಸಣ್ಣ ಕೆಲಸವನ್ನು ಬೇಗ ಮುಗಿಸಲು ಹೊರಟಿರುತ್ತಾರೆ. ಸಂದೇಶಕ್ಕೆ ಉತ್ತರಿಸುವಾಗಲೋ ದಾರಿ ಹುಡುಕುವಾಗಲೋ ಅಡ್ಡಬಂದದ್ದು ಎಷ್ಟೇ ಅಂದವಾಗಿದ್ದರೂ ಅಡಚಣೆಯೇ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅಳೆಯುವ ಕ್ರಮವನ್ನು ಬಿಟ್ಟು ಈ ಸಮಸ್ಯೆ ಅರ್ಥವಾಗದು. ಉದ್ಯಮದಲ್ಲಿ ಬಳಕೆಯಲ್ಲಿರುವ ಮಾನದಂಡದ ಪ್ರಕಾರ, ಸಾಮಾನ್ಯ ಬ್ಯಾನರಿನ ಅರ್ಧದಷ್ಟು ಭಾಗ ಒಂದು ಸೆಕೆಂಡು ಪರದೆಯ ಮೇಲಿದ್ದರೆ ಅದು ನೋಡಲು ಸಿಕ್ಕಿತೆಂದು ಲೆಕ್ಕ. ಹೆಬ್ಬೆರಳಿನಿಂದ ಪುಟ ಸರಿಸುವವರಿಗೆ ಆ ಒಂದು ಸೆಕೆಂಡಿನಲ್ಲಿ ಅದು ಕಣ್ಣಿಗೇ ಬೀಳದಿರಬಹುದು. ಇನ್ನು ಸ್ಪರ್ಶದ ವಿಷಯ: ಮುಚ್ಚುವ ಗುರುತನ್ನು ಬೇಕೆಂದೇ ಕಿರಿದಾಗಿಸಿ, ಬೆರಳು ತಪ್ಪಿ ಜಾಹೀರಾತಿನ ಮೇಲೆಯೇ ಬೀಳುವಂತೆ ಮಾಡಿದಾಗ, ಆ ಸ್ಪರ್ಶವೂ ಆಸಕ್ತಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಜನರ ಸಿಟ್ಟನ್ನೇ ಯಶಸ್ಸೆಂದು ವರದಿ ಮಾಡುವ ಈ ಪದ್ಧತಿ ಹಣ ಕೊಡುವ ಜಾಹೀರಾತುದಾರರಿಗೂ ಮಾಡುವ ಮೋಸ. ಲೆಕ್ಕ ಸರಿಯಾಗದೆ ವಿನ್ಯಾಸ ಸುಧಾರಿಸುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಹಾಗಾದರೆ ನಿಯಮಗಳಿಂದ ಇದು ಸರಿಹೋಗಬಲ್ಲದೇ?

ಉತ್ತರ 3:
ಒಂದು ಮಟ್ಟಿಗೆ ಹೌದು. 2017ರಲ್ಲಿ ಕೊಯಲಿಷನ್ ಫಾರ್ ಬೆಟರ್ ಆಡ್ಸ್ ಎಂಬ ಒಕ್ಕೂಟ ಜನರಿಗೆ ಅತಿ ಕಿರಿಕಿರಿಯಾಗುವ ಜಾಹೀರಾತು ಬಗೆಗಳನ್ನು ಗುರುತಿಸಿದಾಗ, ಕಂಪ್ಯೂಟರಿಗೆ ನಾಲ್ಕು ಬಗೆಗಳಿದ್ದರೆ ಮೊಬೈಲಿಗೆ ಎಂಟಿದ್ದವು. ಸದ್ದು ಮಾಡುತ್ತಾ ತಾನಾಗಿಯೇ ಓಡುವ ವಿಡಿಯೋ, ಪುಟದ ಶೇ. 30ಕ್ಕೂ ಹೆಚ್ಚು ಭಾಗ ಜಾಹೀರಾತಿನಿಂದಲೇ ತುಂಬಿರುವುದು ಅವುಗಳಲ್ಲಿ ಸೇರಿವೆ. ಮರುವರ್ಷದಿಂದ ಕ್ರೋಮ್ ಬ್ರೌಸರ್, ಈ ಮಾನದಂಡವನ್ನು ಪದೇ ಪದೇ ಮೀರುವ ತಾಣಗಳಲ್ಲಿ ಜಾಹೀರಾತುಗಳನ್ನು ತಡೆಯತೊಡಗಿತು. ಇದರಿಂದ ಕಿರಿಕಿರಿ ಕಡಿಮೆಯಾಗಬಹುದು. ಆಸಕ್ತಿ ಹುಟ್ಟುವುದು ಬೇರೆಯೇ ವಿಷಯ. ಹುಡುಕಾಟದ ಫಲಿತಾಂಶಗಳ ನಡುವೆ ಬರುವ ಜಾಹೀರಾತುಗಳು ಮೊಬೈಲಿನಲ್ಲಿಯೂ ಫಲ ಕೊಡುವುದಕ್ಕೆ ಕಾರಣ, ಅಲ್ಲಿ ವ್ಯಕ್ತಿ ತನಗೆ ಬೇಕಾದುದನ್ನು ತಾನೇ ಕೇಳಿರುತ್ತಾನೆ ಎಂಬುದು.