‘ಬಳುಕುವ’ ಸಂವೇದಕವೋ, ‘ಮೈಗೊಗ್ಗುವ’ ಸಂವೇದಕವೋ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆಯ ಹತ್ತಿರದ ಕಾಫಿ ಹುರಿಯುವ ಘಟಕವೊಂದರ ಕೆಲಸಗಾರರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ‘ಫ್ಲೆಕ್ಸಿಬಲ್ ಸೆನ್ಸರ್’ (ಬಾಗಬಲ್ಲ ಸಂವೇದಕ) ಎಂಬುದಕ್ಕೆ ತಕ್ಕ ಕನ್ನಡ ಪದ ಸಿಗದೆ ಎರಡು ವಾರದಿಂದ ನಿಂತಿದ್ದೇನೆ.

ವಸ್ತು ಇದು: ಕೂದಲೆಳೆಯಷ್ಟು ದಪ್ಪದ, ಕಂದು ಹೊಂಬಣ್ಣದ ಪಾಲಿಇಮೈಡ್ (ಕಾವು ತಾಳುವ ಒಂದು ಬಗೆಯ ಪ್ಲಾಸ್ಟಿಕ್) ಹಾಳೆ. ಅದರ ಮೇಲೆ ಬೆಳ್ಳಿಯ ಶಾಯಿಯಲ್ಲಿ ಅಂಕುಡೊಂಕಾಗಿ ಅಚ್ಚಾದ ಒಂದೇ ಗೆರೆ. ಕಾವು ಏರಿದಂತೆ ಗೆರೆಯ ವಿದ್ಯುತ್ ರೋಧವೂ ಏರುತ್ತದೆ. ಅದನ್ನು ಅಳೆದು ಉಷ್ಣತೆಯನ್ನು ತಿಳಿಯುತ್ತೇವೆ. ಕಾಫಿ ಬೀಜ ಚಟಪಟ ಸಿಡಿಯುವುದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಆ ಕಾವನ್ನು ಈ ಹಾಳೆ ತಾಳುತ್ತದೆ. ನೀರಿನ ಬಾಟಲಿಯ ಪ್ಲಾಸ್ಟಿಕ್ ಆಗಿದ್ದರೆ ಮುದುಡಿಹೋಗುತ್ತಿತ್ತು.

ಕರಡಿನಲ್ಲಿ ‘ಬಳುಕುವ ಸಂವೇದಕ’ ಎಂದು ಬರೆದಿದ್ದೆ. ಅದನ್ನು ಓದಿದ ಹುಡುಗನೊಬ್ಬ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹತ್ತಾರು ಸಲ ಅತ್ತಿತ್ತ ಬಳುಕಿಸಿದ. ಹಾಳೆಗೆ ಏನೂ ಆಗಲಿಲ್ಲ. ಬೆಳ್ಳಿಗೆರೆ ಒಂದು ತಿರುವಿನಲ್ಲಿ ಬಿರುಕು ಬಿಟ್ಟಿತು. ತಪ್ಪು ಅವನದಲ್ಲ, ನಾನು ಆರಿಸಿದ ಪದದ್ದು. ಬೆತ್ತ ಬಳುಕುತ್ತದೆ ಎಂದರೆ ಎಷ್ಟು ಸಲ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ಈ ಪಟ್ಟಿಯ ಕೆಲಸ ಬೇರೆ. ಹೊಗೆ ಕೊಳವೆಯ ದುಂಡಗಿನ ಮೈಗೆ ಒಮ್ಮೆ ಬಾಗಿ ಅಂಟಿದರೆ ಮತ್ತೆ ಕದಲಬಾರದು. ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರದ ಮೈ ಹಿಡಿಯುತ್ತದಲ್ಲ, ಹಾಗೆ.

‘ನಮ್ಯ’ (ಬಾಗಬಲ್ಲ) ಸರಿಯಾದ ಪದವೇ, ಆದರೆ ಘಟಕದಲ್ಲಿ ಯಾರಿಗೂ ತಿಳಿಯಲಿಲ್ಲ. ‘ಸ್ಥಿತಿಸ್ಥಾಪಕ’ ಎಂದರೆ ಎಳೆದು ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವಂಥದ್ದು, ಇಲ್ಲಿ ಸಲ್ಲದು. ನನ್ನ ಒಲವು ‘ಮೈಗೊಗ್ಗುವ’, ಅಂದರೆ ಅಂಟಿಸಿದ ವಸ್ತುವಿನ ಮೈಗೆ ಹೊಂದಿಕೊಳ್ಳುವ, ಎಂಬುದರ ಕಡೆಗಿದೆ. ಒಂದೇ ಅಳುಕು: ‘ಈ ಊರಿನ ಹವೆ ನನ್ನ ಮೈಗೆ ಒಗ್ಗುವುದಿಲ್ಲ’ ಎನ್ನುತ್ತೇವೆ. ಓದುವವರು ಇದನ್ನು ಮನುಷ್ಯರ ಮೈಗೆ ಅಂಟಿಸುವ ಸಾಧನ ಎಂದುಕೊಂಡಾರೆ?

ಇನ್ನೊಂದು ಪದ ‘ಸಿಂಟರಿಂಗ್’. ಅಚ್ಚಾದ ಶಾಯಿಯನ್ನು ಒಲೆಯಲ್ಲಿ ಕಾಯಿಸಿದಾಗ ಬೆಳ್ಳಿಯ ನುಣ್ಣನೆಯ ಕಣಗಳು ಕರಗದೆಯೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಬೇಕು. ಒಲೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಕುಂಬಾರರು ಮಡಕೆಯನ್ನು ‘ಸುಡುತ್ತಾರೆ’, ಆದರೆ ಇಲ್ಲಿ ‘ಸುಡು’ ಎಂದರೆ ಹಾಳೆಯೇ ಸುಟ್ಟುಹೋಯಿತು ಎನಿಸುತ್ತದೆ. ಸದ್ಯಕ್ಕೆ ‘ಕಾವುಬೆಸುಗೆ’ ಎಂದು ಬರೆದಿದ್ದೇನೆ.

ಬೆತ್ತ, ಬಿದಿರಿನ ಕೆಲಸ ಮಾಡುವವರು ಬೆಂಕಿಯ ಕಾವಿನಲ್ಲಿ ಬೆತ್ತವನ್ನು ಬಾಗಿಸಿ ನಿಲ್ಲಿಸುವುದಕ್ಕೆ ಏನೆನ್ನುತ್ತಾರೆ? ಒಮ್ಮೆ ಬಾಗಿ ಹಾಗೆಯೇ ನಿಲ್ಲುವ ಈ ಪಟ್ಟಿಗೆ ಆ ಪದ ಒದಗಬಹುದು. ಬಲ್ಲವರು ದಯವಿಟ್ಟು ಬರೆಯಿರಿ. ಮುಂದಿನ ವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ.