ನಾಟಕ ಆಡಿದರೆ ಮಾತ್ರೆ ಬೇಡವಂತೆ

ಭಾನುವಾರ ಬೆಳಿಗ್ಗೆ ನಮ್ಮ 'ಮನೆ ಮಂದಿ' ಗುಂಪಿಗೆ ಸುಮಕ್ಕನ ಗಂಡ ಪ್ರಕಾಶ ಭಾವ ಒಂದು ಫಾರ್ವರ್ಡ್ ಹಾಕಿದರು. "ಮನಸ್ಸಿನ ಕಾಯಿಲೆಗೆ ಮಾತ್ರೆ ಬೇಡ, ಡಾಕ್ಟರೂ ಬೇಡ! ಬ್ರೆಜಿಲ್ ದೇಶದ ನಾಟಕದಿಂದ ಏಳೇ ದಿನದಲ್ಲಿ ಗುಣ!!" ಕೆಳಗೆ ಸಾಲುಸಾಲು ಕೈಮುಗಿದ ಎಮೋಜಿ. ಭಾವ ಸ್ವಂತ ಬರೆದದ್ದು ಇಷ್ಟೇ: "ಸಿರಿ ಅಷ್ಟು ಫೀಸು ಕಟ್ಟಿ ಕೌನ್ಸೆಲಿಂಗ್ ಓದ್ತಿದ್ದಾಳಲ್ಲ, ನೋಡಲಿ." ಸಿರಿ ನನ್ನ ಮಗಳು.

ಕಿಟ್ಟಣ್ಣ: ಯಾರು ಬರೆದದ್ದು? ಯಾವ ಆಸ್ಪತ್ರೆ? ಯಾವ ವರ್ಷ?

ಪ್ರಕಾಶ ಭಾವ: ಬಂದದ್ದನ್ನು ಕಳಿಸಿದ್ದೇನೆ. ಬೇಕಾದ್ರೆ ಓದಿ, ಬೇಡ ಅಂದ್ರೆ ಬಿಡಿ.

ಕಿಟ್ಟಣ್ಣ: ಬೇವಿನ ಕಷಾಯದ್ದೂ ಹೀಗೇ ಕಳಿಸಿದ್ರಿ. ಕುಡಿದು ವಾಂತಿ ಮಾಡಿಕೊಂಡದ್ದು ನಮ್ಮಮ್ಮ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಖಿನ್ನತೆ ಗಿನ್ನತೆ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಏಳಿ, ತೋಟಕ್ಕೆ ಹೋಗಿ. ಎಲ್ಲ ಸರಿ ಹೋಗುತ್ತೆ.

ರಘು: ನಾಟಕ ಅಂದ್ರೆ 'ಸಮುದಾಯ' ತಂಡದವರದ್ದು! ಅವರ 'ಬೆಲ್ಚಿ' ಬೀದಿನಾಟಕ ನೆನಪಿದೆಯಾ? ಸ್ಟೇಜೂ ಇಲ್ಲ, ಪರದೆಯೂ ಇಲ್ಲ, ಸಂತೆ ಮೈದಾನದಲ್ಲಿ ಸುತ್ತ ಜನ. ಅಪ್ಪ ಬೈತಾರೆ ಅಂತ ಕದ್ದು ಹೋಗಿದ್ವಿ. ಕಿಟ್ಟಣ್ಣ ಹೆದರಿ ಅತ್ತಿದ್ದ.

ಕಿಟ್ಟಣ್ಣ: ಅತ್ತದ್ದು ನೀನು. ಅದಿರಲಿ, ಅಜ್ಜನ ಹಾರ್ಮೋನಿಯಂ ಯಾರ ಮನೆಯಲ್ಲಿದೆ ಹೇಳು.

ಹಾರ್ಮೋನಿಯಂ ಬಂತು ಅಂದರೆ ಮಧ್ಯಾಹ್ನದವರೆಗೆ ಬೇರೆ ಮಾತಿಲ್ಲ. ಆದರೂ ಸಿರಿ ನಡುವೆ ನುಗ್ಗಿದಳು.

ಸಿರಿ: ಏಳು ದಿನದ ಕಥೆ ಶುದ್ಧ ಸುಳ್ಳು. ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಆದ್ರೆ ನಾಟಕದ ವಿಷಯ ಸುಳ್ಳಲ್ಲ. ಬ್ರೆಜಿಲ್‌ನ ಅಗಸ್ಟೋ ಬೋಆಲ್ ಅಂತ ಒಬ್ಬರು ನಾಟಕ ನಿರ್ದೇಶಕರು. 1971ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಹಿಡಿದು ಹಿಂಸೆ ಕೊಟ್ಟಿತು, ಆಮೇಲೆ ದೇಶ ಬಿಟ್ಟರು. ಅವರ ಫೋರಂ ನಾಟಕದಲ್ಲಿ ಒಬ್ಬರು ದಬ್ಬಾಳಿಕೆಗೆ ಸೋಲುವ ದೃಶ್ಯ ಇರುತ್ತೆ. ಅದನ್ನೇ ಎರಡನೇ ಸಲ ಆಡುವಾಗ ಪ್ರೇಕ್ಷಕರು 'ನಿಲ್ಲಿಸಿ' ಅಂತ ಎದ್ದು, ಸೋತವರ ಜಾಗಕ್ಕೆ ಬಂದು ಬೇರೆ ಥರ ಮಾಡಿ ನೋಡಬಹುದು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಜನ ಸಂಸ್ಕೃತಿ ತಂಡದವರು ಮಾಡೋದು ಇದನ್ನೇ. ಬೋಆಲ್ ಯುರೋಪಿಗೆ ಹೋದಾಗ ಅಲ್ಲಿನ ಜನ ಪೊಲೀಸರ ಕಾಟ ಹೇಳಲಿಲ್ಲ. ಒಂಟಿತನ, ಭಯ ಅಂದರು. ಪೊಲೀಸು ಇವರ ತಲೆಯೊಳಗೇ ಕೂತಿದ್ದಾನೆ ಅಂತ ಬೋಆಲ್‌ಗೆ ಅನ್ನಿಸಿತು. 1980ರ ದಶಕದ ಶುರುವಿನಲ್ಲಿ ಪ್ಯಾರಿಸ್‌ನಲ್ಲಿ ಹೆಂಡತಿ ಸೆಸಿಲಿಯಾ ಜೊತೆ ಅದಕ್ಕೇ ಒಂದು ಕಮ್ಮಟ ನಡೆಸಿದರು. 'ನಿನ್ನ ಕೈಲಾಗಲ್ಲ' ಅನ್ನೋ ದನಿ ಯಾರದ್ದು ಅಂತ ಗುರುತಿಸಿ, ಆ ಪಾತ್ರ ಇನ್ನೊಬ್ಬರಿಂದ ಮಾಡಿಸಿ, ಎದುರು ನಿಂತು ಉತ್ತರ ಕೊಡೋದು. ಕೌನ್ಸೆಲಿಂಗ್‌ನವರಿಗೆ ಬೇಕಾದದ್ದು ಇದು. ಉದಾಹರಣೆಗೆ, ಬ್ಯಾಂಕ್ ಕೆಲಸ ಸಿಕ್ಕ ಹುಡುಗಿಗೆ ಮದುವೆಯಾದ ಮೇಲೆ ಹೋಗಬೇಡ ಅಂತಾರೆ ಅಂದುಕೊಳ್ಳಿ...

ಮೇಲಿನದ್ದನ್ನು ಯಾರೂ ಪೂರ್ತಿ ಓದಲಿಲ್ಲ. ಕೊನೆಯ ಸಾಲನ್ನು ಮಾತ್ರ ಎಲ್ಲರೂ ಓದಿದರು.

ಪ್ರಕಾಶ ಭಾವ: ಬ್ಯಾಂಕ್ ಅಂತ ಯಾಕೆ ಬರೆದೆ? ಇದು ನಮ್ಮನೆ ವಿಷಯ ಅಲ್ವಾ?

ಸಿರಿ: ಸುಮ್ನೆ ಒಂದು ಉದಾಹರಣೆ, ಮಾವ.

ಪ್ರಕಾಶ ಭಾವ: ಬೇಡ ಅಂದದ್ದು ನಾನಲ್ಲ. ಮಾತುಕತೆ ದಿನ 'ಕೆಲಸ ಬಿಡಿಸ್ತೀವಿ' ಅಂತ ಮಾತು ಕೊಟ್ಟದ್ದು ದೊಡ್ಡಪ್ಪನವರು.

ದೊಡ್ಡಪ್ಪ: ನೀವು ಕೇಳಿದ್ದಕ್ಕೆ ಕೊಟ್ಟೆ. ಹಿರಿಯರ ಹೆಸರು ಗುಂಪಿನಲ್ಲಿ ಎಳೆಯುವುದು ಒಳ್ಳೆಯ ಸಂಸ್ಕಾರ ಅಲ್ಲ.

ರಘು: ಆ ಮದುವೆ ಊಟದ ಹೋಳಿಗೆ ಮಾತ್ರ ಮರೆಯೋ ಹಾಗಿಲ್ಲ ಬಿಡಿ.

ಇಷ್ಟು ವರ್ಷ ಯಾರ ಬಾಯಲ್ಲೂ ಬರದ ಮಾತು ಇದು. ಭಾವನ ಫಾರ್ವರ್ಡ್ ಇಲ್ಲದಿದ್ದರೆ ಇನ್ನೂ ಬರುತ್ತಿರಲಿಲ್ಲ. ಅದೊಂದು ಪುಣ್ಯ ಅವರಿಗೆ ಸಲ್ಲಬೇಕು. ಅಷ್ಟರಲ್ಲಿ, ಹುಟ್ಟುಹಬ್ಬಕ್ಕೆ ಬಿಟ್ಟು ಮತ್ತೆ ಯಾವುದಕ್ಕೂ ಬರೆಯದ ಸುಮಕ್ಕ 'ಟೈಪಿಂಗ್' ಅಂತ ತೋರಿಸತೊಡಗಿತು. ನಿಂತಿತು. ಮತ್ತೆ ತೋರಿಸಿತು.

ಸುಮಕ್ಕ: ಸಿರಿ, ಆ ನಾಟಕ ಆಡಿಸೋದಾದ್ರೆ ಹೇಳು. 'ನಿಲ್ಲಿಸಿ' ಅನ್ನೋಕೆ ನಾನು ಬರ್ತೀನಿ.

ಪ್ರಕಾಶ ಭಾವ: ಯಾವ ನಾಟಕ?

ಕಿಟ್ಟಣ್ಣ: ಮೊದಲು ರಘು ಹಾರ್ಮೋನಿಯಂ ತರಲಿ.